ಕೆಂಪು ಏರದ ಕಂಬ

ಬೇಸಿಗೆ ಮುಗಿಯುತ್ತ ಬಂದಿತ್ತು. ಉಪ್ಪು ಬಲಿಯುವ ಕಾಲ. ಪಾತಿಗಳಲ್ಲಿ ನಿಲ್ಲಿಸಿದ ಸಮುದ್ರದ ನೀರು ಬೆಳಿಗ್ಗೆ ಕೆನೆಗಟ್ಟಿ, ಬಿಸಿಲೇರುತ್ತಿದ್ದಂತೆ ಹರಳಾಗಿ ತಳಕ್ಕೆ ಕೂರುತ್ತಿತ್ತು. ಮಳೆ ಬರುವುದರೊಳಗೆ ಎಳೆದಷ್ಟೇ ಉಪ್ಪು, ಎಳೆದಷ್ಟೇ ಅನ್ನ. ಹಾಗಾಗಿ ಪಾತಿಯವರು ಯಾರೂ ಆಕಾಶವನ್ನು ಸುಮ್ಮನೆ ನೋಡುತ್ತಿರಲಿಲ್ಲ. ಸಾಲ ಕೊಟ್ಟವನು ಬರುವ ದಾರಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

ಕಡೆಗಟ್ಟೆಯಕ್ಕ ಮೊಣಕಾಲ ಕೆಳಗಿನ ನೀರಿನಲ್ಲಿ ನಿಂತು ಉಪ್ಪು ಎಳೆಯುತ್ತಿದ್ದಳು. ಸಮುದ್ರಕ್ಕೆ ತೀರ ಹತ್ತಿರದ ಕೊನೆಯ ಕಟ್ಟೆ ಇವಳದು. ಪಾತಿಯವರನ್ನು ಅವರವರ ಕಟ್ಟೆಯಿಂದಲೋ ಚಹರೆಯಿಂದಲೋ ಕರೆಯುವುದು. ಉದ್ದ ಹಿಡಿಯ ಹಲಗೆಯನ್ನು ಮುಂದಕ್ಕೆ ಚಾಚಬೇಕು, ಒತ್ತಬೇಕು, ಎದೆಗೆ ಎಳೆದುಕೊಳ್ಳಬೇಕು. ಒತ್ತಡ ಹೆಚ್ಚಾದರೆ ಕೆಸರು ಏಳುತ್ತದೆ, ಉಪ್ಪು ಕಪ್ಪಾಗುತ್ತದೆ. ಕಪ್ಪು ಉಪ್ಪನ್ನು ಮೇಸ್ತ್ರಿ ಕಾಲಿನಿಂದ ಒದ್ದು ಪಾತಿಗೆ ತಳ್ಳುತ್ತಾನೆ. ಎಳೆದದ್ದನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಸಿಂಬೆ ಇಟ್ಟು, ಕಟ್ಟೆಯ ಮೇಲಿನ ರಾಶಿಗೆ ಹೊತ್ತು ಸುರಿಯಬೇಕು. ಬುಟ್ಟಿಯಿಂದ ಸೋರುವ ನೀರು ಕಿವಿಯ ಹಿಂದೆ ಇಳಿದು, ಬೆನ್ನಿನ ಗಾಯಗಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಮೊದಮೊದಲು ಉರಿಯುತ್ತಿತ್ತು. ಈಗ ಉರಿಯುವುದಿಲ್ಲ. ಅಂಗಾಲಿನ ಬಿರುಕಿಗೆ ಹರಳು ಹೊಕ್ಕರೂ ತಿಳಿಯುವುದಿಲ್ಲ. ಸಂಜೆ ಅತ್ತೆ, “ಕಾಲಲ್ಲಿ ರಕ್ತ ಸೋರ್ತಾ ಇದೆ ಕಣೆ” ಎಂದರೆ ಬಗ್ಗಿ ನೋಡುವಳು, ಯಾರದೋ ಕಾಲು ನೋಡಿದಂತೆ.

ಗಂಡ ಪೇಟೆಯ ಗೋದಾಮಿನಲ್ಲಿ ಹಮಾಲಿ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಪಾತಿಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಬೆನ್ನು ಬಾಗಿದ್ದರೂ ನಾಲಿಗೆ ಬಾಗಿರಲಿಲ್ಲ.

ಕಟ್ಟೆಯ ಮೇಲಿರುವ ತನಕ ರಾಶಿ ಆಳಿನದು. ಟ್ರ್ಯಾಕ್ಟರು ಬಂದು, ತೂಕ ಹಾಕಿ, ಅಂಗಳಕ್ಕೆ ಸುರಿದ ಮೇಲೆ ಧಣಿಯದು. ಧಣಿ ಈ ಕಟ್ಟಳೆ ಹೇಳಿದ ದಿನ ಎಲ್ಲರಿಗೂ ಹಿಗ್ಗಾಗಿತ್ತು. ರಾಶಿ ನಮ್ಮದಂತೆ! ಆಮೇಲೆ ಒಂದು ಮಳೆ ಬಂತು. ಕರಗಿದ್ದು ಆಳಿನ ಉಪ್ಪು. ಉಳಿದದ್ದು ಧಣಿಯ ಉಪ್ಪು. ಆಗ ಅರ್ಥವಾಯಿತು. ಟ್ರ್ಯಾಕ್ಟರನ್ನು ಯಾವಾಗ ಕಳಿಸುವುದೆಂಬುದೂ ಧಣಿಯ ಕೈಯಲ್ಲೇ ಇತ್ತು.

ಅಂಗಳದ ನಡುವೆ ಒಂದು ಕಬ್ಬಿಣದ ಕಂಬ. ಹವಾಮಾನ ಕಚೇರಿಯಿಂದ ಧಣಿಯ ಫೋನಿಗೆ ಸೂಚನೆ ಬರುವುದು. ಧಣಿ ಮೇಸ್ತ್ರಿಗೆ ಹೇಳುವುದು. ಮೇಸ್ತ್ರಿ ಆ ಬಣ್ಣದ ಬಟ್ಟೆಯನ್ನು ಕಂಬಕ್ಕೆ ಏರಿಸುವುದು. ಹಳದಿ ಏರಿದರೆ ಪಾತಿಯಲ್ಲಿರುವ ಉಪ್ಪನ್ನೆಲ್ಲ ಬಲಿತಿರಲಿ, ಬಲಿಯದಿರಲಿ, ಎಳೆದು ರಾಶಿ ಹಾಕಬೇಕು. ಕಿತ್ತಳೆ ಏರಿದರೆ ಎಲ್ಲರೂ ಅಂಗಳಕ್ಕೆ ಓಡಿಬಂದು ಮೊದಲು ಧಣಿಯ ದೊಡ್ಡ ರಾಶಿಗೆ ಟಾರ್ಪಾಲು ಹೊದಿಸಿ, ಮರಳ ಚೀಲ ಹೇರಿ, ಹಗ್ಗ ಬಿಗಿಯಬೇಕು. ಅದಕ್ಕೆ ಕೂಲಿಯಿಲ್ಲ; ಬಿಟ್ಟಿ. ಅದು ಮುಗಿದ ಮೇಲೆ ಹೊತ್ತು ಉಳಿದಿದ್ದರೆ ತಮ್ಮ ತಮ್ಮ ರಾಶಿ. ಕೆಂಪು ಏರಿದರೆ ಕೆಲಸ ನಿಲ್ಲಿಸಿ, ಎಲ್ಲರನ್ನೂ ಟ್ರ್ಯಾಕ್ಟರಿನಲ್ಲಿ ಎತ್ತರದ ಶಾಲೆಗೆ ಸಾಗಿಸಿ, ಆ ದಿನದ ಕೂಲಿ ಕೊಡಬೇಕು. ಹಾಗಂತ ಸರ್ಕಾರದ ನಿಯಮ. ಕೆಂಪು ಏರಿದ್ದನ್ನು ಯಾರೂ ಕಂಡಿರಲಿಲ್ಲ.

“ಹಳದಿ ಅಂದ್ರೆ ಬೆನ್ನು ಬಗ್ಗಿಸು. ಕಿತ್ತಳೆ ಅಂದ್ರೆ ಬೆನ್ನು ಮುರ್ಕೋ,” ಎನ್ನುತ್ತಿದ್ದಳು ಅತ್ತೆ. “ಕೆಂಪು ಅಂದ್ರೆ ಧಣಿ ಕೈ ಬಿಚ್ಚಬೇಕು. ಅದಕ್ಕೇ ಆ ಬಟ್ಟೆಗೆ ಹೊರಗೆ ಬರೋಕೆ ನಾಚಿಕೆ.”

ಒಂದು ರಾಶಿಗೆ ಟಾರ್ಪಾಲು ಹೊದಿಸಲು ಒಂದು ಮನೆಯ ಕೈ ಸಾಲದು. ಗಾಳಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ಆದ್ದರಿಂದ ಪಾತಿಯವರಲ್ಲಿ ಮುಯ್ಯಿ ನಡೆಯುತ್ತಿತ್ತು. ಇವತ್ತು ನೀನು ನನ್ನ ರಾಶಿಗೆ ಬಂದರೆ ನಾಳೆ ನಾನು ನಿನ್ನ ರಾಶಿಗೆ. ಹಣಕಾಸಿನ ಮಾತಿಲ್ಲ. ಆದರೆ ಮುಯ್ಯಿ ತಪ್ಪಿಸಿದವರ ಮನೆಯಿಂದ ಯಾರೂ ಬೆಂಕಿಕಡ್ಡಿಯನ್ನೂ ಕೇಳುತ್ತಿರಲಿಲ್ಲ.

ಕಡೆಗಟ್ಟೆಯಕ್ಕನ ತಲೆಯ ಮೇಲೆ ಒಂದು ಮುಯ್ಯಿ ಬಾಕಿ ಇತ್ತು.

ಹೋದ ವರ್ಷದ ಮಾತು. ಬೆಳಿಗ್ಗೆ ಕಿತ್ತಳೆ ಏರಿತು. ಹಗಲೆಲ್ಲ ಧಣಿಯ ರಾಶಿ ಮುಚ್ಚುವುದರಲ್ಲೇ ಹೋಯಿತು. ಬಿಡುಗಡೆ ಸಿಕ್ಕಾಗ ಗಾಳಿ ಎದ್ದಿತ್ತು. ಪಕ್ಕದ ಕಟ್ಟೆಯ ನಗೆಮಾರಿ, “ಬಾರೆ ಅಕ್ಕ, ಮೊದಲು ನಿಂದು. ನಿಂದೇ ಸಮುದ್ರದ ಬಾಯಲ್ಲಿರೋದು” ಎಂದು ತನ್ನ ರಾಶಿಯನ್ನು ಬಿಟ್ಟು ಇವಳ ಕಟ್ಟೆಗೆ ಬಂದಳು. ಎಲ್ಲದಕ್ಕೂ ನಗುವ ಹೆಂಗಸು. ಟಾರ್ಪಾಲು ಹಾರಿ ಅತ್ತೆಯನ್ನು ಮುಚ್ಚಿಕೊಂಡಾಗ ಅದಕ್ಕೂ ನಕ್ಕಳು. ಇವಳು ರಾಶಿಯ ಈಚೆ, ನಗೆಮಾರಿ ಆಚೆ. ನಡುವೆ ಉಪ್ಪಿನ ಗುಡ್ಡ. ಒಬ್ಬರಿಗೊಬ್ಬರು ಕಾಣರು. ಹಗ್ಗವೊಂದೇ ಇಬ್ಬರ ನಡುವೆ ಬಿಗಿದು ನಿಂತಿತ್ತು. ಆಚೆ ಬದಿಯ ಮಣ್ಣಿನ ಏರಿ ಕುಸಿದ ಸದ್ದು ಗಾಳಿಯಲ್ಲಿ ಕೇಳಲಿಲ್ಲ. ಕೈಯಲ್ಲಿನ ಹಗ್ಗ ಸಡಿಲವಾಯಿತು. ಅಷ್ಟೇ.

ನೀರಿಳಿದ ಮೇಲೆ ನಗೆಮಾರಿ ತೂಬಿನ ಬಾಯಲ್ಲಿ ಸಿಕ್ಕಳು. ರಾಶಿ ಅರ್ಧ ಉಳಿದಿತ್ತು. ಆ ಅರ್ಧವನ್ನು ತೂಕಕ್ಕೆ ಹಾಕಿದರು. ಅದರಿಂದ ಬಂದದ್ದನ್ನು ಅತ್ತೆ ಸೊಸೆ ಮಳೆಗಾಲವೆಲ್ಲ ತಿಂದರು. ತಿನ್ನದೆ ಏನು ಮಾಡುವುದು?

ಅಂದಿನಿಂದ ಕಡೆಗಟ್ಟೆಯಕ್ಕನ ಒಳಗೂ ಅಂಗಾಲಿನ ಹಾಗೆಯೇ ಆಯಿತು. ಏನು ಹೊಕ್ಕರೂ ತಿಳಿಯದು. ನಗೆಮಾರಿಯ ಗಂಡ ಉದ್ದಣ್ಣ. ತಾಳೆಮರದಷ್ಟು ಎತ್ತರದ ಆಳು, ಬಾಗಿಲಿದ್ದಲ್ಲೆಲ್ಲ ತಲೆ ಬಗ್ಗಿಸಿ ಅಭ್ಯಾಸ. ಅತ್ತ ಕಟ್ಟೆಯಲ್ಲಿ ಅವನು, ಇತ್ತ ಕಟ್ಟೆಯಲ್ಲಿ ಇವಳು, ಹಲಗೆ ಚಾಚಿ ಎಳೆದುಕೊಳ್ಳುವರು. ಮುಯ್ಯಿ ಹೆಂಡತಿಯಿಂದ ಗಂಡನಿಗೆ ಬಂದಿತ್ತು. ಅವನು ಕೇಳಿರಲಿಲ್ಲ. ಇವಳು ಮರೆತಿರಲಿಲ್ಲ.

ಧಣಿ ಆಗ ಹೇಳಿದ್ದು ಒಂದೇ ಮಾತು: “ಕಚೇರಿಯವರು ಕಿತ್ತಳೆ ಕೊಟ್ಟಿದ್ದರು, ನಾವು ಕಿತ್ತಳೆ ಹಾಕಿದ್ವಿ. ದೇವರ ಇಚ್ಛೆ.”

ಈ ವರ್ಷ ಉಪ್ಪಿನ ಕೆಲಸ ಶುರುವಾದ ಮೇಲೆ ಹವಾಮಾನ ಕಚೇರಿಯಿಂದ ಒಬ್ಬ ಮೇಡಂ ಬಂದಳು. ಸಾವು ಆದ ಕಡೆ ಜನರಿಗೆ ತಿಳಿವಳಿಕೆ ಕೊಡಬೇಕಂತೆ. ಅಂಗಳದ ತಗಡಿನ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ, ಬಣ್ಣದ ಚಿತ್ರ ಹಿಡಿದು ನಿಂತಳು. ಒಳ್ಳೆಯ ಹುಡುಗಿ. ನೆಲದಲ್ಲಿ ಕೂತವರ ಜೊತೆ ತಾನೂ ನೆಲದಲ್ಲಿ ಕೂತಳು.

“ಹಳದಿ ಅಂದ್ರೆ ಏನು, ಹೇಳಿ ನೋಡೋಣ.”

“ಎಳೀಬೇಕು,” ಎಂದರು ಎಲ್ಲರೂ.

“ಕಿತ್ತಳೆ?”

“ಧಣಿ ರಾಶಿ ಮುಚ್ಚಬೇಕು. ಊಟಕ್ಕೆ ಬಿಡಲ್ಲ.”

ಮೇಡಂ ತಮಾಷೆ ಎಂದುಕೊಂಡು ನಕ್ಕಳು. ಯಾರೂ ನಗಲಿಲ್ಲ. ಅವಳು ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಹೇಳಿದಳು. “ಇದು ಕೆಲಸದ ಬಣ್ಣ ಅಲ್ಲ ಅಮ್ಮ, ಹವೆಯ ಬಣ್ಣ. ಹಳದಿ ಅಂದ್ರೆ ಹವೆ ಕೆಡಬಹುದು, ಒಂದು ಕಣ್ಣಿಟ್ಟಿರಿ. ಕಿತ್ತಳೆ ಅಂದ್ರೆ ಕೆಡೋದು ಹೆಚ್ಚುಕಮ್ಮಿ ಖಚಿತ, ಹೊರಡೋಕೆ ಸಿದ್ಧವಾಗಿರಿ. ಕೆಂಪು ಅಂದ್ರೆ ಜೀವಕ್ಕೆ ಅಪಾಯ. ಕಾಯಬೇಡಿ, ಯಾರನ್ನೂ ಕೇಳಬೇಡಿ, ಎದ್ದು ಹೋಗಿ.”

“ಆ ಮೂಲೇಲಿ ಹಸಿರೂ ಇದೆಯಲ್ಲ ಮಗಳೇ,” ಎಂದಳು ಅತ್ತೆ.

“ಹಸಿರು ಅಂದ್ರೆ ಏನೂ ಇಲ್ಲ. ಆರಾಮ.”

“ಅದಕ್ಕೇ ಆ ಬಟ್ಟೆ ನಮಗೆ ಹೊಲಿಸೇ ಇಲ್ಲ.”

ಈಗ ಎಲ್ಲರೂ ನಕ್ಕರು. ಮೇಡಂ ಒಬ್ಬಳು ನಗಲಿಲ್ಲ. ಮುನ್ಸೂಚನೆ ಬೇರೆ, ಎಚ್ಚರಿಕೆ ಬೇರೆ ಎಂದಳು. ಮುನ್ಸೂಚನೆ ಅಂದರೆ ಬರಬಹುದು ಅನ್ನುವುದು, ಎಚ್ಚರಿಕೆ ಅಂದರೆ ಬಾಗಿಲಿಗೆ ಬಂದಿದೆ ಅನ್ನುವುದು. ತೀರ ಅಪಾಯವಿದ್ದರೆ ಈ ಕಡೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಳ್ಳುತ್ತವೆ. ಪರೀಕ್ಷೆಗೆಂದು ಕಿರುಚಿಸುವುದೂ ಉಂಟು. ಆಗ ‘ಇದು ಪರೀಕ್ಷೆ’ ಎಂದು ಅದರಲ್ಲೇ ಬರೆದಿರುತ್ತದೆ. ಓದಿ ನೋಡಬೇಕು.

ಹಿಂದೆ ಗೋಡೆಗೆ ಒರಗಿದ್ದ ಉದ್ದಣ್ಣ ಕೇಳಿದ, “ಹೋದ ವರ್ಷ ಗಾಳಿ ಬಂತಲ್ಲ ಮೇಡಂ. ಅವತ್ತು ಯಾವ ಬಣ್ಣ ಕೊಟ್ಟಿದ್ರಿ?”

ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಫೋನು ತೆಗೆದು ಹುಡುಕಿದಳು. “ಕೆಂಪು. ಬೆಳಗಿನಿಂದಲೇ ಕೆಂಪು ಇತ್ತು. ಫೋನಿಗೂ ಕಳಿಸಿದ್ವಿ.”

“ಇಲ್ಲಿ ಕಿತ್ತಳೆ ಇತ್ತು.”

ಮೇಡಂ ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ಟ್ರ್ಯಾಕ್ಟರಿನ ಗಾಲಿಯ ಕಡೆ ನೋಡಿದ. ಅವತ್ತು ಫೋನುಗಳು ಗುಡಿಸಲುಗಳಲ್ಲಿದ್ದವು. ಅವು ಕಿರುಚಿದ್ದನ್ನು ಗೋಡೆಗಳು ಕೇಳಿಸಿಕೊಂಡಿದ್ದವು.

ಯಾರೂ ಕೂಗಲಿಲ್ಲ. ಯಾರೂ ಕಲ್ಲು ಎತ್ತಿಕೊಳ್ಳಲಿಲ್ಲ. ಉದ್ದಣ್ಣ ತಲೆ ಬಗ್ಗಿಸಿ ಬಾಗಿಲು ದಾಟಿ, ತನ್ನ ಪಾತಿಗೆ ಇಳಿದ. ಕಡೆಗಟ್ಟೆಯಕ್ಕನೂ ಇಳಿದಳು. ಉಪ್ಪು ಬಲಿತಿತ್ತು. ಮೇಡಂ ಹೋಗುವಾಗ, “ಮೇಲಿನವರಿಗೆ ಹೇಳ್ತೀನಿ” ಎಂದಳು. ಹೇಳಿರಬಹುದು. ಮತ್ತೆ ಬರಲಿಲ್ಲ.

ಬಂದದ್ದು ಒಂದು ತಗಡಿನ ಪೆಟ್ಟಿಗೆ. ಪಾತಿಯವರು ಫೋನನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಬರತೊಡಗಿದ್ದರು. ಮೇಸ್ತ್ರಿ ಬೆಳಿಗ್ಗೆ ಪೆಟ್ಟಿಗೆ ತೆರೆದು ಕೂತು, “ಹಾಕಿ, ಹಾಕಿ. ಉಪ್ಪುನೀರಿಗೆ ಬಿದ್ರೆ ಫೋನು ಸತ್ತು ಹೋಗುತ್ತೆ. ಧಣಿ ನಿಮ್ಮ ಒಳ್ಳೇದಕ್ಕೇ ಹೇಳಿದ್ದು” ಎಂದ. ಹಾಕಿದರು. ಬೀಗ ಬಿತ್ತು.

“ಮನುಷ್ಯರು ಬೀಳ್ತಾರೆ, ಅವರನ್ನೂ ಪೆಟ್ಟಿಗೇಲಿ ಇಡು,” ಎಂದಳು ಅತ್ತೆ. ಮೇಸ್ತ್ರಿ ಕೇಳಿಸಿಕೊಳ್ಳಲಿಲ್ಲ. ಅವನೂ ಪಾತಿಯವನ ಮಗ. ಅವನ ಅಂಗಾಲಲ್ಲೂ ಬಿರುಕಿತ್ತು, ಈಗ ಚಪ್ಪಲಿಯೊಳಗೆ.

ಹೀಗೆ ಬೇಸಿಗೆಯ ಕೊನೆ ಬಂತು. ಆ ದಿನ ಬೆಳಿಗ್ಗೆಯಿಂದ ಹಳದಿ ಹಾರುತ್ತಿತ್ತು. ಕಟ್ಟೆಗಳ ಮೇಲೆ ರಾಶಿಗಳು ಆಳೆತ್ತರ ನಿಂತಿದ್ದವು. ಟ್ರ್ಯಾಕ್ಟರು ಈ ವಾರ ಬರುತ್ತದೆ, ಆ ವಾರ ಬರುತ್ತದೆ ಎಂದು ಹೇಳುತ್ತಲೇ ಧಣಿ ದಿನ ತಳ್ಳಿದ್ದ. ಗಾಳಿ ಬರಬಾರದ ದಿಕ್ಕಿನಿಂದ ಬರುತ್ತಿತ್ತು. ನೀರಹಕ್ಕಿಗಳು ಸಮುದ್ರ ಬಿಟ್ಟು ಒಳನಾಡಿನ ಕಡೆ ಹೋದವು.

ಬಿಸಿಲು ನೆತ್ತಿಗೇರಿದ ಹೊತ್ತಿಗೆ ಶೆಡ್ಡಿನೊಳಗಿಂದ ಒಂದು ಸದ್ದು ಎದ್ದಿತು. ಪೆಟ್ಟಿಗೆಯೊಳಗಿನ ಫೋನುಗಳೆಲ್ಲ ಒಟ್ಟಿಗೆ ಕಿರುಚತೊಡಗಿದವು. ತಗಡಿನ ಒಳಗೆ ತಗಡು. ಬೋನಿಗೆ ಬಿದ್ದ ಪ್ರಾಣಿಗಳ ಹಾಗೆ ಪೆಟ್ಟಿಗೆ ನಡುಗಿತು. ಪಾತಿಗಳಲ್ಲಿ ಬಾಗಿದ್ದವರೆಲ್ಲ ನೆಟ್ಟಗಾದರು.

ಮೇಸ್ತ್ರಿ ಹೊರಗೆ ಬಂದು ಎರಡೂ ಕೈ ಎತ್ತಿ ಬೀಸಿದ. “ಟೆಸ್ಟಿಂಗ್! ಟೆಸ್ಟಿಂಗ್ ಅದು! ಕೆಲಸ ನೋಡ್ರಿ!”

ಆಮೇಲೆ ಫೋನು ಕಿವಿಗೆ ಹಿಡಿದು ಶೆಡ್ಡಿನ ಹಿಂದೆ ಹೋದ. ತಿರುಗಿ ಬಂದು ಹಳದಿ ಇಳಿಸಿ ಕಿತ್ತಳೆ ಏರಿಸಿದ. ಸೀಟಿ ಊದಿದ. ಎಲ್ಲರೂ ಬುಟ್ಟಿ ಹಲಗೆ ಬಿಟ್ಟು ಅಂಗಳಕ್ಕೆ ಓಡಿದರು. ವರ್ಷಗಳ ರೂಢಿ, ಸೀಟಿ ಕೇಳಿದರೆ ಕಾಲು ತಾನಾಗಿ ಓಡುತ್ತದೆ. ಕಡೆಗಟ್ಟೆಯಕ್ಕನ ಕಾಲೂ ಓಡಿತು.

ಧಣಿಯ ರಾಶಿ ಮನೆಯಷ್ಟು ದೊಡ್ಡದು. ಗಂಡಸರು ಟಾರ್ಪಾಲನ್ನು ಬಿಚ್ಚಿ ಎಳೆದರು. ಹೆಂಗಸರು ಮರಳ ಚೀಲ ಹೊತ್ತರು. ಮೇಸ್ತ್ರಿ ಒಂದು ಮೂಲೆಯ ಹಗ್ಗವನ್ನು ಕಡೆಗಟ್ಟೆಯಕ್ಕನ ಕೈಗೆ ಕೊಟ್ಟ. “ಹಿಡಿ, ಬಿಗಿಯಾಗಿ ಹಿಡಿ.”

ಹಗ್ಗ ಅಂಗೈಯಲ್ಲಿ ಬಿತ್ತು. ಅವಳು ಅದನ್ನು ನೋಡಿದಳು. ರಾಶಿಯ ಆಚೆ ಬದಿಯಲ್ಲಿ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ಹಗ್ಗ ಜಾರಿ ನೆಲಕ್ಕೆ ಬಿತ್ತು.

“ಹಿಡೀ ಅಂದ್ರೆ!”

“ಹಿಡಿಯಲ್ಲ.”

“ಏನಂದೆ?”

“ಹಿಡಿಯಲ್ಲ ಅಂದೆ.” ದನಿಯಲ್ಲಿ ಏರಿಳಿತವಿರಲಿಲ್ಲ. ಅನ್ನ ಬೇಡ, ಹೊಟ್ಟೆ ತುಂಬಿದೆ ಎನ್ನುವ ಹಾಗೆ ಹೇಳಿದಳು.

“ತಲೆಗಿಲೆ ಕೆಟ್ಟಿದೆಯಾ ನಿಂಗೆ? ಗಾಳಿ ಹೆಗಲ ಮೇಲೆ ಬಂದು ಕೂತಿದೆ!”

“ಬಂದಿದೆ. ಪೆಟ್ಟಿಗೆ ತೆಗಿ.”

“ಟೆಸ್ಟಿಂಗ್ ಅಂತ ಹೇಳಿದ್ನಲ್ಲ.”

“ನಿನ್ನ ಜೇಬಲ್ಲಿರೋದೂ ಕಿರುಚ್ತು. ಅದನ್ನ ಓದು. ಜೋರಾಗಿ ಓದು. ಪರೀಕ್ಷೆ ಅಂತ ಇದ್ರೆ ಹಿಡೀತೀನಿ.”

ಚೀಲ ಹೊತ್ತವರು ಚೀಲ ಇಳಿಸದೆ ನಿಂತರು. ಮೇಸ್ತ್ರಿ ಅವಳ ಹತ್ತಿರ ಬಂದು ದನಿ ತಗ್ಗಿಸಿದ. “ಅಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡ. ಯಾವ ಬಟ್ಟೆ ಅಂತ ಹೇಳೋದು ನಾನಲ್ಲ. ಇದೊಂದು ಮುಚ್ಚಿಬಿಡಿ, ಆಮೇಲೆ ಎಲ್ಲರೂ ಹೋಗಿ.”

“ಹೋದ ವರ್ಷವೂ ನೀನು ಹೀಗೇ ಅಂದಿದ್ದೆ.”

“ನಾನೇನು ಮಾಡ್ಲಿ?”

“ಓದು.”

ಮೇಸ್ತ್ರಿ ಓದಲಿಲ್ಲ. ಧಣಿಗೆ ಫೋನು ಹಚ್ಚಿದ, ಎಲ್ಲರಿಗೂ ಕೇಳುವಂತೆ. ಧಣಿಯ ದನಿ ತಣ್ಣಗಿನ ಕೋಣೆಯಿಂದ ಬಂತು. “ಯಾವಳವಳು? ಅವಳಪ್ಪ ಮಾಡಿಟ್ಟ ಉಪ್ಪಾ ಅದು? ಮುಚ್ಚಿಸೋ ಮೊದಲು!”

ಕಡೆಗಟ್ಟೆಯಕ್ಕ ಫೋನಿನ ಕಡೆ ಬಾಗಿ ಕೇಳಿದಳು, “ಧಣಿ, ಅಲ್ಲಿ ಮಳೆ ಇದೆಯಾ?”

“ಏನು?”

“ನೀವಿರೋ ಕಡೆ. ಮಳೆ ಇದೆಯಾ ಅಂತ.”

ಧಣಿ ಫೋನು ಕತ್ತರಿಸಿದ.

ಮೊದಲು ಚೀಲ ಇಳಿಸಿದವಳು ಯಾರೆಂದು ಆಮೇಲೆ ಯಾರೂ ಹೇಳಲಿಲ್ಲ. ಒಂದು ಚೀಲ ಧೊಪ್ಪೆಂದಿತು. ಇನ್ನೊಂದು. ಟಾರ್ಪಾಲು ಹಿಡಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ಕೈಬಿಟ್ಟರು. ಗಾಳಿ ಅದನ್ನು ಎತ್ತಿ ಶೆಡ್ಡಿನ ಮೇಲೆ ಬಡಿಯಿತು. ಯಾರೋ ಸನಿಕೆಯ ಹಿಡಿಯಿಂದ ಪೆಟ್ಟಿಗೆಯ ಬೀಗ ಒಡೆದರು. ಎಲ್ಲ ಫೋನುಗಳ ಮುಖದಲ್ಲೂ ಒಂದೇ ಮಾತು. ಕೆಂಪು ಎಚ್ಚರಿಕೆ. ತಗ್ಗಿನಲ್ಲಿರುವವರು ಕೂಡಲೇ ಎತ್ತರಕ್ಕೆ ಹೋಗಿ. ಪರೀಕ್ಷೆ ಎಂಬ ಮಾತು ಎಲ್ಲೂ ಇರಲಿಲ್ಲ.

ಅಂಗಳದಲ್ಲೇ ನಿಂತಿದ್ದ ಟ್ರ್ಯಾಕ್ಟರಿನ ಡ್ರೈವರು ಬೀಡಿ ಎಸೆದು ಗಾಡಿ ಹತ್ತಿದ. “ಡೀಸೆಲ್ಲು ಧಣಿದು, ಜೀವ ನಂದು. ಹತ್ರಿ, ಮುದುಕರು ಮಕ್ಕಳು ಮೊದಲು.” ಅತ್ತೆಯನ್ನು ಇಬ್ಬರು ಹಿಡಿದು ಟ್ರೇಲರಿಗೆ ಎತ್ತಿದರು. “ಮೆತ್ತಗೆ, ನಾನೇನು ಉಪ್ಪಿನ ಮೂಟೆಯಾ,” ಎಂದು ಬೈದಳು. ಕೊನೆಗೆ ಮೇಸ್ತ್ರಿಯೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿಬಂದ.

ಉದ್ದಣ್ಣ ಬಂದಿರಲಿಲ್ಲ.

ಅವನು ತನ್ನ ಕಟ್ಟೆಯ ಮೇಲಿದ್ದ. ಒಂಟಿಯಾಗಿ ತನ್ನ ರಾಶಿಗೆ ಟಾರ್ಪಾಲು ಎಳೆಯುತ್ತಿದ್ದ. ಒಂದು ಮೂಲೆಗೆ ಕಲ್ಲು ಹೇರಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಹಾರುತ್ತಿತ್ತು. ಕಡೆಗಟ್ಟೆಯಕ್ಕ ಏರಿಯ ಮೇಲೆ ನಡೆದು ಅವನ ಕಟ್ಟೆಗೆ ಬಂದಳು. ಹನಿ ಬೀಳತೊಡಗಿತ್ತು, ದಪ್ಪ ಹನಿ, ದೂರ ದೂರಕ್ಕೆ.

ಅವಳನ್ನು ಕಂಡು ಅವನು ಅಂದ, “ಬಂದ್ಯಾ? ಆ ಮೂಲೆ ಹಿಡಿ.”

“ಹೊರಡಣ್ಣ. ಕೆಂಪು ಕೊಟ್ಟಿದಾರೆ.”

“ಹಿಡಿದು ಕೊಡು. ಹೋಗೋಣ.”

“ಹಿಡಿಯಲ್ಲ.”

ಅವನು ನಿಂತ. ಮುಖ ತೊಯ್ದಿತ್ತು. “ನಿನ್ನ ಮೇಲೆ ಮುಯ್ಯಿ ಇದೆ.”

“ಇದೆ.”

“ಇಷ್ಟು ದಿನ ಕೇಳಿಲ್ಲ. ಈಗ ಕೇಳ್ತಾ ಇದೀನಿ. ವರ್ಷದ ಉಪ್ಪು ಇದು. ಒಬ್ಬನೇ ಎಳೆದದ್ದು.”

“ಗೊತ್ತು.”

“ನಿನ್ನ ರಾಶಿಗೆ ಅವಳು ಹಿಡಿದಳು.”

“ಹಿಡಿದಳು. ಅದಕ್ಕೇ ಹಿಡಿಯಲ್ಲ.”

ಅವನ ಬಾಯಿಂದ ಬಂದ ಮಾತು ಗಾಳಿಯಲ್ಲೂ ಸ್ಪಷ್ಟವಾಗಿ ಕೇಳಿತು. “ಋಣಗೇಡಿ.” ಆಮೇಲೆ ಇನ್ನೂ ಕೆಟ್ಟದ್ದು. ಅವಳಿಗೆ ನೋಯಲಿಲ್ಲ. ನೋಯುವ ಜಾಗ ಎಲ್ಲಿದೆಯೆಂದೇ ತಿಳಿಯಲಿಲ್ಲ. ಅವಳು ಅವನ ಕಟ್ಟೆಯ ಮೇಲೆ, ರಾಶಿಯ ಬುಡದಲ್ಲಿ, ಕಾಲು ಚಾಚಿ ಕೂತುಬಿಟ್ಟಳು.

“ಎದ್ದು ಹೋಗು!”

“ನೀನು ಬರೋವರೆಗೂ ಹೋಗಲ್ಲ. ಹಗ್ಗನೂ ಹಿಡಿಯಲ್ಲ.”

ಅವನು ಮತ್ತೆ ಟಾರ್ಪಾಲಿಗೆ ಬಿದ್ದ. ಹಲ್ಲಿನಲ್ಲಿ ಒಂದು ಹಗ್ಗ ಕಚ್ಚಿಕೊಂಡು ಕೈಯಲ್ಲಿ ಇನ್ನೊಂದು ಎಳೆದ. ಗಾಳಿ ಅವನಷ್ಟು ಎತ್ತರದ ಆಳನ್ನೂ ಅಲುಗಿಸಿತು. ಟಾರ್ಪಾಲು ಒಮ್ಮೆ ಹೊಟ್ಟೆಯುಬ್ಬಿ, ಅವನ ಕೈಯಿಂದ ಕಿತ್ತುಕೊಂಡು, ಇವಳ ಪಾತಿಯ ಮೇಲೆ ಹಾರಿ, ಆಚೆ ಹೋಯಿತು. ಅವನು ಖಾಲಿ ಕೈ ನೋಡುತ್ತ ನಿಂತ. ತೂಬಿನ ಕಡೆಯಿಂದ ನೀರು ತಿರುಗುವ ಸದ್ದು ಬರುತ್ತಿತ್ತು. ರಾಶಿಯ ಬಿಳಿ ಮೈಯಲ್ಲಿ ಹನಿ ಬಿದ್ದಲ್ಲೆಲ್ಲ ಕುಳಿ ಬೀಳುತ್ತಿತ್ತು. ಇವಳ ರಾಶಿಯೂ ಹಾಗೆಯೇ ತೆರೆದುಕೊಂಡು ನಿಂತಿತ್ತು. ಅವಳು ಅದರ ಕಡೆ ತಿರುಗಿ ನೋಡಲಿಲ್ಲ.

ಅವನು ಕಟ್ಟೆ ಇಳಿದ. ಅವಳು ಎದ್ದು ಹಿಂದೆ ನಡೆದಳು. ಶಾಲೆಯ ಮೆಟ್ಟಿಲು ಹತ್ತುವಾಗ ಹಿಂದೆ ತಿರುಗಿದರೆ ಪಾತಿಗಳು ಕಾಣಲಿಲ್ಲ. ಎಲ್ಲಿ ಪಾತಿ, ಎಲ್ಲಿ ಸಮುದ್ರ ಎಂಬ ಗುರುತೇ ಇರಲಿಲ್ಲ. ಅಂಗಳದ ಕಂಬ ಮಾತ್ರ ನೀರಿನ ನಡುವೆ ನಿಂತಿತ್ತು. ಅದರಲ್ಲಿ ಕಿತ್ತಳೆ ಬಟ್ಟೆ ಅಂಟಿಕೊಂಡಿತ್ತು.

ಶಾಲೆಯ ಕೋಣೆಯಲ್ಲಿ ಜನ ಬೆಂಚುಗಳ ಮೇಲೆ, ಕೆಳಗೆ, ಒದ್ದೆ ಬಟ್ಟೆಯಲ್ಲಿ ಕೂತರು. ಯಾರೋ ತಲೆ ಎಣಿಸಿದರು. ಮತ್ತೆ ಎಣಿಸಿದರು. ಒಂದೂ ಕಡಿಮೆ ಇರಲಿಲ್ಲ. ಯಾರಿಗೂ ಖುಷಿಯಾದಂತೆ ಕಾಣಲಿಲ್ಲ. ಎಲ್ಲರೂ ಉಪ್ಪಿನ ಬಗ್ಗೆ ಯೋಚಿಸುತ್ತಿದ್ದರು. ಉದ್ದಣ್ಣ ಕರಿಹಲಗೆಯ ಕಡೆ ಮುಖ ಮಾಡಿ ಮಲಗಿದ.

ನೀರಿಳಿದ ಮೇಲೆ ಹೋಗಿ ನೋಡಿದರೆ ಕಟ್ಟೆಗಳ ಮೇಲೆ ರಾಶಿಗಳಿರಲಿಲ್ಲ. ರಾಶಿ ಇದ್ದ ಕಡೆ ಒದ್ದೆ ಕಲೆಗಳಿದ್ದವು. ಧಣಿಯ ರಾಶಿಯೂ ಅರ್ಧಕ್ಕೆ ಕುಗ್ಗಿತ್ತು. ಕಡೆಗಟ್ಟೆಯ ಏರಿ ಉದ್ದಕ್ಕೂ ಕಿತ್ತುಹೋಗಿತ್ತು, ಹೋದ ವರ್ಷಕ್ಕಿಂತ ಹೆಚ್ಚು. ಅಲ್ಲಿ ಯಾರಾದರೂ ನಿಂತಿದ್ದರೆ ಏನಾಗುತ್ತಿತ್ತೆಂದು ಕೇಳುವ ಅಗತ್ಯವಿರಲಿಲ್ಲ.

ಧಣಿ ಕಾರಿನಲ್ಲಿ ಬಂದ. ಕೆಸರಿಗೆ ಇಳಿಯದೆ, ಬಾಗಿಲು ತೆರೆದು ಅಲ್ಲಿಂದಲೇ ಕೇಳಿದ, “ಯಾವಳು ಮೊದಲು ಕೈಬಿಟ್ಟದ್ದು?”

“ನಾನು,” ಎಂದಳು ಕಡೆಗಟ್ಟೆಯಕ್ಕ.

“ಗಂಟು ಕಟ್ಟು. ಸಂಜೆಯೊಳಗೆ ಕಟ್ಟೆ ಖಾಲಿಯಾಗಬೇಕು.”

ಅವಳು ತಲೆಯಾಡಿಸಿ ಗುಡಿಸಲಿನ ಕಡೆ ತಿರುಗಿದಳು. ಶಾಲೆಯಲ್ಲಿದ್ದಾಗಲೇ ಅಂದುಕೊಂಡಿದ್ದಳು. ಕಟ್ಟಲು ಹೆಚ್ಚೇನೂ ಇರಲಿಲ್ಲ. ಅತ್ತೆ ಒಂದೇ ಸಮನೆ ಬೈಯತೊಡಗಿದಳು. ಧಣಿಯನ್ನೋ, ಸೊಸೆಯನ್ನೋ, ಸಮುದ್ರವನ್ನೋ, ಯಾರನ್ನೆಂದು ತಿಳಿಯುತ್ತಿರಲಿಲ್ಲ.

“ಅವಳು ಹೋಗೋ ಹಾಗಿಲ್ಲ.”

ಉದ್ದಣ್ಣನ ದನಿ. ಶಾಲೆಯಿಂದ ಈಚೆಗೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. ಎಲ್ಲರೂ ತಿರುಗಿದರು.

“ನನಗೆ ಅವಳಿಂದ ಒಂದು ಮುಯ್ಯಿ ಬರಬೇಕು. ಮುಯ್ಯಿ ಬಾಕಿ ಇರೋರನ್ನ ಕಟ್ಟೆಯಿಂದ ಎಬ್ಬಿಸೋ ಹಾಗಿಲ್ಲ.”

ಧಣಿ ನಕ್ಕ. “ಯಾವ ಕಾನೂನಲ್ಲಿದೆ ಅದು?”

“ನಿಮ್ಮದರಲ್ಲಿ ಇಲ್ಲ.”

ಮೇಸ್ತ್ರಿ ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡ. “ಇದೆ ಧಣಿ. ಪಾತಿಯವರಲ್ಲಿ ಇದೆ. ನಮ್ಮಪ್ಪನ ಕಾಲದಿಂದ ಇದೆ.”

“ಹಾಗಾದ್ರೆ ಇವತ್ತೇ ತೀರಿಸ್ಕೋ. ಮಣ್ಣು ಹೊರಿಸು, ಏನಾದ್ರೂ ಮಾಡಿಸು. ಆಮೇಲೆ ಅಟ್ಟು.”

“ಯಾವಾಗ ಕೇಳಬೇಕು ಅನ್ನೋದು ಬರಬೇಕಾದವನ ಇಷ್ಟ,” ಎಂದ ಉದ್ದಣ್ಣ. “ನನಗೆ ಇವತ್ತು ಬೇಡ.”

“ಮತ್ತೆ ಯಾವಾಗ ಬೇಕು?”

“ಗೊತ್ತಿಲ್ಲ.”

ಜನ ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಕೈಗಳನ್ನು ಇಳಿಬಿಟ್ಟು ನಿಂತಿದ್ದರು, ಅಷ್ಟೇ. ಏರಿ ಕಟ್ಟಬೇಕಿತ್ತು, ಪಾತಿಯ ಕೆಸರು ತೆಗೆಯಬೇಕಿತ್ತು. ಈ ಕೈಗಳು ಹಾಗೆಯೇ ಇಳಿಬಿದ್ದಿದ್ದರೆ ಏನಾಗುತ್ತದೆಂದು ಧಣಿಗೆ ಗೊತ್ತಿತ್ತು. ಅಂಗಳದ ಅರ್ಧ ರಾಶಿ ಕಣ್ಣೆದುರೇ ಇತ್ತು. ಅವನು ಕಾರಿನ ಬಾಗಿಲು ಎಳೆದುಕೊಂಡ. ಚಕ್ರ ಕೆಸರಲ್ಲಿ ಸ್ವಲ್ಪ ಹೊತ್ತು ಸುತ್ತಿತು. ತಳ್ಳಲು ಯಾರೂ ಹೋಗಲಿಲ್ಲ. ಕಾರು ತಾನಾಗಿಯೇ ಎದ್ದು ಹೋಯಿತು.

ಉದ್ದಣ್ಣ ಅವಳ ಪಕ್ಕದಿಂದ ಹಾದುಹೋಗುವಾಗ ನಿಂತ. ಮುಖ ನೋಡಲಿಲ್ಲ. “ಕ್ಷಮಿಸಿದೆ ಅಂದ್ಕೋಬೇಡ.”

“ಅಂದ್ಕೊಂಡಿಲ್ಲ.”

“ನನ್ನ ಉಪ್ಪು ಹೋಯ್ತು.”

“ಹೋಯ್ತು.”

ಆ ಮಳೆಗಾಲ ಎಲ್ಲರೂ ಅರೆಹೊಟ್ಟೆ ಉಂಡರು. ಅವನ ಗುಡಿಸಲಿನಿಂದ ಕೆಲವು ದಿನ ಹೊಗೆ ಏಳುತ್ತಿರಲಿಲ್ಲ. ಅತ್ತೆ ಒಂದು ಪಾತ್ರೆಯಲ್ಲಿ ಅನ್ನ ಕೊಟ್ಟು ಕಳಿಸಿದರೆ ಪಾತ್ರೆ ಮುಟ್ಟದೆ ಹಾಗೆಯೇ ವಾಪಸು ಬಂತು. “ಹೊಟ್ಟೆಗಿಲ್ಲದಿದ್ರೂ ಸಿಟ್ಟು ಮೂಗಿನ ತುದೀಲೇ ಇದೆ ಅವನಿಗೆ,” ಎಂದು ಅತ್ತೆ ಅದನ್ನು ತಾನೇ ಉಂಡಳು, ಅರ್ಧಕ್ಕೆ ನಿಲ್ಲಿಸಿದಳು.

ಮತ್ತೆ ಬಿಸಿಲು ಬಂತು. ನೀರು ಕೆನೆಗಟ್ಟಿತು, ಹರಳಾಯಿತು. ಹಲಗೆ ಚಾಚುವುದು, ಒತ್ತುವುದು, ಎಳೆದುಕೊಳ್ಳುವುದು. ಕಟ್ಟೆಯ ಮೇಲೆ ರಾಶಿಗಳು ಎದ್ದವು. ಒಂದು ಮಧ್ಯಾಹ್ನ ಹಳದಿ ಏರಿತು. ಜನರ ಸೊಂಟದಲ್ಲಿ ಫೋನುಗಳಿದ್ದವು, ತೆಗೆದು ನೋಡಿದರು. ಹಳದಿಯೇ. ರಾಶಿ ಮುಚ್ಚಲು ಇನ್ನೂ ಹೊತ್ತಿತ್ತು.

ಕಡೆಗಟ್ಟೆಯಕ್ಕ ಹಲಗೆ ಇಟ್ಟು, ಕೈ ಒರೆಸಿಕೊಂಡು, ಉದ್ದಣ್ಣನ ಕಟ್ಟೆಯ ಕೆಳಗೆ ಹೋಗಿ ನಿಂತಳು. ಅವನು ಟಾರ್ಪಾಲು ಬಿಚ್ಚುತ್ತಿದ್ದ. ಮೂರು ಮೂಲೆಗೆ ಮೂವರು ಬಂದಿದ್ದರು. ನಾಲ್ಕನೆಯದು ಗಾಳಿಗೆ ಪಟಪಟ ಬಡಿಯುತ್ತಿತ್ತು. ಅವನು ಅದನ್ನು ತಾನೇ ಹೋಗಿ ಹಿಡಿದ.

“ಇವತ್ತು ಬೇಡ,” ಎಂದ, ಅವಳ ಕಡೆ ತಿರುಗದೆ.

ಅವಳು ತನ್ನ ಪಾತಿಗೆ ಹಿಂದಿರುಗಿದಳು.